ಕ್ಯಾಮೆರಾ ಇನ್ಫ್ರಾರೆಡ್‌ಗೆ ಕನ್ವರ್ಟ್ ಮಾಡಿಸೋ ಮುಂಚೆ ಇದನ್ನೊಂದು ಓದಿ

ಮೊದಲೇ ಹೇಳಿಬಿಡುತ್ತೇನೆ. ಇನ್ಫ್ರಾರೆಡ್, ಅಂದ್ರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಚಿತ್ರ ತೆಗೆಯೋ ಹಾಗೆ ಕನ್ವರ್ಟ್ ಆಗಿ ಬಂದ ಕ್ಯಾಮೆರಾವನ್ನು ಹತ್ತಿರದ ವಸ್ತುವಿಗೆ ಹಿಡಿದು ‘ಸೂಪರ್’ ಅನ್ನಬೇಡಿ. ದೂರದ ಮರಕ್ಕೆ ಹಿಡಿಯಿರಿ. ನಾನು ಹಿಡಿಯಲಿಲ್ಲ. ಅದಕ್ಕೇ ಈ ಗೋಳು.

ಒಳಗೆ ಕನ್ನಡಿ ಇಲ್ಲದ ನನ್ನ ಹಳೆಯ ಮಿರರ್‌ಲೆಸ್ ಕ್ಯಾಮೆರಾ ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು. ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಇನ್ಫ್ರಾರೆಡ್ ತಡೆಯುವ ಗಾಜು ಇರುತ್ತದಲ್ಲ, ಅದನ್ನು ತೆಗೆಸಿ ಹೆಚ್ಚಾಗಿ ಇನ್ಫ್ರಾರೆಡ್ಡನ್ನೇ ಒಳಬಿಡುವ 720 ನ್ಯಾನೋಮೀಟರ್ ಗಾಜು ಹಾಕಿಸಬೇಕು ಅಂತ ಬಹಳ ದಿನದ ಆಸೆ. ಅಲ್ಲಿಯವರೆಗೆ ಲೆನ್ಸ್ ಮುಂದೆ ಫಿಲ್ಟರ್ ಹಾಕಿ, ಟ್ರೈಪಾಡ್ ಇಟ್ಟು, ಒಂದು ಚಿತ್ರಕ್ಕೆ ಎಷ್ಟೋ ಸೆಕೆಂಡ್ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಅಷ್ಟರಲ್ಲಿ ಗಾಳಿ ಬೀಸಿ ಮರವೆಲ್ಲ ಕಲಸಿಹೋಗುತ್ತಿತ್ತು. ಕನ್ವರ್ಟ್ ಮಾಡಿಸಿದರೆ ಕೈಯಲ್ಲೇ ಹಿಡಿದು ತೆಗೆಯಬಹುದು. ನನಗೆ ಬೇಕಾಗಿದ್ದು ಅಷ್ಟೇ.

ಕನ್ವರ್ಟ್ ಮಾಡುವ ಆ ಪುಣ್ಯಾತ್ಮ ಫೋನಿನಲ್ಲಿ ಬಹಳ ಚೆನ್ನಾಗಿ ಮಾತಾಡಿದ. ಏನು ತೆಗೀತೀರಿ ಅಂತ ಕೇಳಿದ. ಲ್ಯಾಂಡ್‌ಸ್ಕೇಪ್ ಅಂದೆ. ಮೆಸೇಜಿನಲ್ಲೂ ಬರೆದೆ. ಪಾರ್ಸಲ್ ಜೊತೆ ಇಟ್ಟ ಚೀಟಿಯಲ್ಲೂ ಬರೆದೆ. ಮೂರು ಸಲ. ಇದು ನೆನಪಿರಲಿ.

ಕ್ಯಾಮೆರಾ ವಾಪಸ್ ಬಂತು. ಕಿಟಕಿಯ ಹತ್ತಿರ ಒಂದು ಕುಂಡದ ಗಿಡ ಇದೆ, ಅದಕ್ಕೇ ಹಿಡಿದೆ. ಮೊದಲು ಎಲ್ಲ ಕೆಂಪು ಕೆಂಪು. ಎಲೆಯ ಮೇಲೇ ವೈಟ್ ಬ್ಯಾಲೆನ್ಸ್ ಸೆಟ್ ಮಾಡಿದೆ, ಅಂದ್ರೆ ಇದೇ ಬಿಳಿ ಅಂತ ಕ್ಯಾಮೆರಾಗೆ ತೋರಿಸಿದೆ. ಎಲೆ ಹಿಮದ ಹಾಗೆ ಬೆಳ್ಳಗಾಯಿತು. ನರ ನರವೂ ಚುರುಕಾಗಿ ಕಾಣುತ್ತಿತ್ತು. ಕುಣಿದಾಡಿಬಿಟ್ಟೆ. ಆ ಚಿತ್ರವನ್ನೇ ಅವನಿಗೆ ಕಳಿಸಿ ‘ಸೂಪರ್ ಸಾರ್, ಕೈಚಳಕ ಅಂದ್ರೆ ಇದು’ ಅಂತ ಬರೆದೆ. ಹೌದು, ಹಾಗೇ ಬರೆದೆ. ಬೆಳ್ಳಗಿರೋದೆಲ್ಲ ಹಾಲು ಅಂದುಕೊಳ್ಳೋದು ಅಂದ್ರೆ ಇದೇ ಅಲ್ವಾ? ಬಾಕಿ ಹಣವನ್ನೂ ಆಗಲೇ ಕಳಿಸಿಬಿಟ್ಟೆ.

ಭಾನುವಾರ ಕೆರೆ ಏರಿ ಮೇಲೆ ನಿಂತೆ. ಆಚೆ ದಡದಲ್ಲಿ ಮರಗಳು, ಹಿಂದೆ ಬೆಟ್ಟ, ಒಳ್ಳೆಯ ಬಿಸಿಲು. ಜೂಮ್ ಲೆನ್ಸಿನ ಅತಿ ಅಗಲದ ನೋಟ, 18 ಎಂಎಂನಲ್ಲಿ ಫೋಕಸ್ ಒತ್ತಿದೆ. ಲೆನ್ಸ್ ಹಿಂದೆ ಮುಂದೆ ಹೋಗಿ ಕೈಚೆಲ್ಲಿತು. ಫೋಕಸ್ ಸಿಕ್ಕಿತು ಅನ್ನೋ ಹಸಿರು ಚೌಕ ಬರಲೇ ಇಲ್ಲ. ಕೈಯಿಂದ ತಿರುಗಿಸಿದೆ. ಪರದೆ ಮೇಲಿನ ಗುರುತು ಇನ್ಫಿನಿಟಿ, ಅಂದ್ರೆ ಅತಿ ದೂರದ ತುದಿ ತನಕ ಹೋಗಿ ನಿಂತಿತು. ಆದರೂ ಮರಗಳು ಹಿಂಜಿದ ಹತ್ತಿ. ಬೆಟ್ಟ ಅನ್ನೋದು ಬರೀ ಒಂದು ಕಲೆ. ಹಿಗ್ಗಿಸಿ ನೋಡಿದೆ. ನನ್ನ ಕಾಲ ಹತ್ತಿರದ ಬಂಡೆಯ ಮೇಲೆ ಕಲ್ಲುಹೂವು ಇತ್ತು. ಅದು ಮಾತ್ರ ಗೆರೆ ಗೆರೆಯಾಗಿ ಕಾಣುತ್ತಿತ್ತು! 50ಕ್ಕೆ ಜೂಮ್ ಮಾಡಿದರೆ ನಾಲ್ಕೈದು ಹೆಜ್ಜೆ ಆಚೆಯ ಪೊದೆ ಸರಿ ಬಂತು. ಅದರಾಚೆಗೆ ಎಲ್ಲವೂ ಮಂಜು. ಕಣ್ಣೇ ಹೋಯಿತಾ ಅಂತ ಕನ್ನಡಕ ಒರೆಸಿಕೊಂಡೆ. ನಿಜವಾಗಲೂ ಒರೆಸಿಕೊಂಡೆ.

ಕನ್ವರ್ಟ್ ಮಾಡಿದವನಿಗೆ ದೂರು ಹೇಳಿದೆ. ಆಮೇಲೆ ಶುರುವಾಯಿತು ಅವನ ಉತ್ತರಗಳ ಸರಮಾಲೆ.

‘ಸಾರ್, ಇನ್ಫ್ರಾರೆಡ್ ಅಂದ್ರೆ ಹಾಗೇ, ಸ್ವಲ್ಪ ಸಾಫ್ಟ್ ಇರುತ್ತೆ.’ ಸ್ವಲ್ಪವಾ? ಇನ್ಫ್ರಾರೆಡ್‌ನಲ್ಲಿ ಗಾಳಿಯ ಮಬ್ಬು ಕಡಿಮೆಯಾಗುತ್ತದೆ, ದೂರದ ಬೆಟ್ಟ ಮಾಮೂಲಿಗಿಂತ ಜಾಸ್ತಿ ಸ್ಪಷ್ಟವಾಗಿ ಕಾಣುತ್ತದೆ. ನಾನು ಇದಕ್ಕೆ ಮರುಳಾಗಿದ್ದೇ ಆ ಕಾರಣಕ್ಕೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇಂಥ ಚಿತ್ರಗಳನ್ನು 1910ರಲ್ಲೇ ಪ್ರಕಟಿಸಿದ್ದ. ಇಷ್ಟು ವರ್ಷ ಆದಮೇಲೆ ಇವನು ನನಗೆ ‘ಹಾಗೇ ಇರುತ್ತೆ’ ಅಂತಾನೆ.

‘ಫೋಕಸ್ ಕ್ಯಾಲಿಬ್ರೇಷನ್ ಲೆನ್ಸಿಂದ ಲೆನ್ಸಿಗೆ ಬೇರೆ ಸಾರ್.’ ಕ್ಯಾಲಿಬ್ರೇಷನ್ ಅಂದ್ರೆ ಫೋಕಸ್ ಹೊಂದಿಸೋದು. ಒಳಗೆ ಕನ್ನಡಿ ಇರುವ ಡಿಎಸ್ಎಲ್ಆರ್ ಆಗಿದ್ದರೆ ಒಪ್ಪುತ್ತಿದ್ದೆ. ಅದರ ಫೋಕಸ್ ಸೆನ್ಸರ್ ಬೇರೆ ಜಾಗದಲ್ಲಿರುತ್ತದೆ. ನನ್ನದು ಮಿರರ್‌ಲೆಸ್. ಚಿತ್ರ ಬೀಳುವ ಸೆನ್ಸರ್ ಮೇಲೇ ಫೋಕಸ್ ಆಗುತ್ತದೆ. ಏನು ಕ್ಯಾಲಿಬ್ರೇಷನ್?

‘ಎಫ್ 11ಕ್ಕೆ ಇಡಿ.’ ಅಂದ್ರೆ ಲೆನ್ಸಿನ ಕಿಂಡಿ (ಅಪರ್ಚರ್) ಚಿಕ್ಕದು ಮಾಡಿ ಅಂತ. ಇಟ್ಟೆ. ಮಂಜು ಸ್ವಲ್ಪ ಕರಗಿತು, ಆದರೆ ಆಕಾಶದ ಎಡಮೂಲೆಯಲ್ಲಿ ಕೂದಲಿನಂಥ ಗೆರೆಯೊಂದು ಎದ್ದು ಬಂತು. ‘ಲೆನ್ಸಿನ ಧೂಳು’ ಅಂದ. ಲೆನ್ಸ್ ಬದಲಾಯಿಸಿದೆ. ಗೆರೆ ಅಲ್ಲೇ ಇತ್ತು, ಕದಲಲಿಲ್ಲ. ‘ಅದು ಹಾಟ್‌ಸ್ಪಾಟ್ ಸಾರ್’ ಅಂದ. ಹಾಟ್‌ಸ್ಪಾಟ್ ಅಂದ್ರೆ ಚಿತ್ರದ ನಡುವೆ ಬರುವ ಬಿಳಿ ಮಚ್ಚೆ ಅಂತ ನನಗೂ ಗೊತ್ತು ಮಾರಾಯ.

ಇವನ ಜಾಣತನ ನೋಡಿ. ಹೇಳಿದ್ದೆಲ್ಲ ಅರ್ಧ ನಿಜ. ಹಾಟ್‌ಸ್ಪಾಟ್ ಇರೋದು ನಿಜ, ಕ್ಯಾಲಿಬ್ರೇಷನ್ ಇರೋದು ನಿಜ. ಹೊಸಬನಿಗೆ ಸರಿಯಾದ ಇನ್ಫ್ರಾರೆಡ್ ಚಿತ್ರ ಹೇಗಿರುತ್ತದೆ ಅಂತಲೇ ಗೊತ್ತಿರಲ್ಲ. ಎಲೆ ಬೆಳ್ಳಗೆ ಬಂದರೆ ಸಾಕು, ಗೆದ್ದೆ ಅಂದುಕೊಳ್ಳುತ್ತಾನೆ. ಅಲ್ಲೇ ಇವರ ಅಂಗಡಿ ನಡೆಯೋದು.

ಕೊನೆಗೆ ಬೇರೊಬ್ಬ ರಿಪೇರಿಯವರ ಹತ್ತಿರ ಬಿಚ್ಚಿಸಿದೆ. ಒಳಗೆ ಗಾಜೇ ಇಲ್ಲ! ಬ್ಲೇಡಿನಲ್ಲಿ ಕತ್ತರಿಸಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಒಂದು ಅಂಚು ಸೊಟ್ಟಗೆ, ಮೂಲೆಯಲ್ಲಿ ಗುಳ್ಳೆ, ಅದರಡಿ ಒಂದು ನೂಲು. ನನ್ನ ಆಕಾಶದ ಕೂದಲು ಅದೇ. ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗಾಜಿನೊಳಗೆ ಹಾದಾಗ ಬೆಳಕು ಬಾಗಿ ಫೋಕಸ್ ಸ್ವಲ್ಪ ಹಿಂದೆ ಬೀಳುತ್ತದೆ, ಗಾಜಿನ ದಪ್ಪದ ಹತ್ತಿರ ಹತ್ತಿರ ಮೂರನೇ ಒಂದು ಭಾಗದಷ್ಟು. ಸೆನ್ಸರ್ ಕೂತಿರೋದು ಆ ಲೆಕ್ಕಕ್ಕೇ. ತೆಗೆದ ಗಾಜಿಗೆ ಸರಿಸಮನಾದ ಗಾಜು ಹಾಕಬೇಕು, ಇಲ್ಲ ಸೆನ್ಸರನ್ನೇ ಸರಿಸಬೇಕು. ಎರಡೂ ಮಾಡದಿದ್ದರೆ ದೂರದ್ದು ಸೆನ್ಸರ್‌ಗಿಂತ ಮುಂಚೆಯೇ ಫೋಕಸ್ ಆಗಿಬಿಡುತ್ತದೆ. ಹತ್ತಿರದ್ದು ಮಾತ್ರ ಸಿಗುತ್ತದೆ. ವೈಡ್ ಲೆನ್ಸಿನಲ್ಲಂತೂ ಕೇಳಲೇಬೇಡಿ, ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೇ ಕಥೆ ಮುಗಿಯುತ್ತದೆ. ನಮ್ಮ ಕೆಲಸ ಇರೋದೇ ವೈಡ್ ಲೆನ್ಸಿನಲ್ಲಿ ಅಲ್ವಾ?

ಒಳಗಿನ ಫೋಟೋ ಕಳಿಸಿದೆ. ಹಳೆಯ ಗಾಜನ್ನಾದರೂ ವಾಪಸ್ ಕೊಡಿ ಅಂದೆ. ‘ಬಿಸಾಕಿಬಿಟ್ಟೆ ಸಾರ್.’ ಆಮೇಲೆ ಬಂತು ನೋಡಿ, ಇವತ್ತಿಗೂ ಮೈ ಉರಿಯುವ ಉತ್ತರ: ‘ನೀವು ಲ್ಯಾಂಡ್‌ಸ್ಕೇಪ್ ಅಂತ ಹೇಳಲೇ ಇಲ್ಲ.’ ಮೂರು ಸಲ! ನನ್ನ ಮೆಸೇಜನ್ನೇ ಎತ್ತಿ ತೋರಿಸಿದೆ. ಅವನೂ ನನ್ನ ಮೆಸೇಜನ್ನೇ ಎತ್ತಿ ಕಳಿಸಿದ. ‘ಸೂಪರ್ ಸಾರ್, ಕೈಚಳಕ ಅಂದ್ರೆ ಇದು.’ ಕೆಳಗೆ ‘ನೀವೇ ಬರೆದಿದ್ದು’ ಅಂತ. ಏನು ಹೇಳಲಿ? ನಾನೇ ಬರೆದಿದ್ದು.

ಮಾಡಿಸಲೇಬೇಕು ಅಂತಿದ್ದರೆ ಗಾಜಾ, ಹಾಳೆಯಾ, ದಪ್ಪ ಎಷ್ಟು ಅಂತ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತೆಗೆದ ಗಾಜನ್ನು ಪಾರ್ಸಲ್ ಜೊತೆ ವಾಪಸ್ ಕೇಳಿ. ದೂರದ ಮರಗಳ ಚಿತ್ರ ಕೇಳಿ, ವೈಡ್ ಲೆನ್ಸಿನಲ್ಲಿ ಅಪರ್ಚರ್ ಪೂರ್ತಿ ತೆರೆದು ತೆಗೆದದ್ದು, ಪೂರ್ತಿ ಸೈಜಿನ ರಾ ಫೈಲ್, ಅಂದ್ರೆ ಕ್ಯಾಮೆರಾದ ತಿದ್ದದ ಮೂಲ ಫೈಲ್. ಮೊಬೈಲಿನಲ್ಲಿ ಚಿಕ್ಕದಾಗಿ ನೋಡಿದರೆ ಎಲ್ಲವೂ ಚೆಂದವೇ. ನೀವೇ ಪರೀಕ್ಷೆ ಮಾಡುವ ತನಕ ಬಾಕಿ ಹಣ ಬೇಡ, ಹೊಗಳಿಕೆಯಂತೂ ಬೇಡವೇ ಬೇಡ.

ನಿನ್ನೆ ಸ್ನೇಹಿತನೊಬ್ಬ ಅವನ ಹತ್ತಿರ ವಿಚಾರಿಸಿದನಂತೆ. ಸ್ಯಾಂಪಲ್ ಅಂತ ಒಂದು ಚಿತ್ರ ಬಂತು. ಕಿಟಕಿ, ಕುಂಡ, ಬೆಳ್ಳನೆಯ ಎಲೆಗಳು. ನನ್ನ ಗಿಡ! ಅದನ್ನು ಯಾರಿಗೂ ಕಳಿಸಬೇಡಿ ಅಂತ ಆ ಪುಣ್ಯಾತ್ಮನಿಗೆ ಬರೆದಿದ್ದೇನೆ. ನೋಡಿದ್ದಾನೆ, ಉತ್ತರ ಇಲ್ಲ. ಆ ಚಿತ್ರ ನಿಮಗೂ ಬಂದರೆ, ಅದನ್ನು ತೆಗೆದ ಕ್ಯಾಮೆರಾ ಇದೇ.