ಉಚಿತ ಸೇವೆಗೂ ಇಂಡೆಮ್ನಿಟಿ ಪಾಲಿಸಿ ಬೇಕು: ನಿವೃತ್ತ ವೈದ್ಯನೊಬ್ಬನ ವಿಮರ್ಶೆ

ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಕಲಬುರಗಿಯ ಧರ್ಮಾರ್ಥ ಚಿಕಿತ್ಸಾಲಯವೊಂದರಲ್ಲಿ, ಆಳಂದ, ಜೇವರ್ಗಿ, ಅಫಜಲಪುರದ ಕಡೆಯಿಂದ ಬರುವ ಕೂಲಿಕಾರರನ್ನು ಸಂಭಾವನೆಯಿಲ್ಲದೆ ನೋಡುತ್ತಿದ್ದೇನೆ. ಅದಕ್ಕೆಂದೇ ಸಾರ್ವಜನಿಕ ವಲಯದ ವಿಮಾ ಕಂಪನಿಯೊಂದರಿಂದ ವೈದ್ಯರ ವೃತ್ತಿ ಹೊಣೆಗಾರಿಕೆ ಪಾಲಿಸಿಯನ್ನು, ಅಂದರೆ ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿ ಪರಿಹಾರ ಕೇಳಿದರೆ ಆ ಹೊರೆಯನ್ನು ಹೊರುವ, ನಾವೆಲ್ಲ ಇಂಡೆಮ್ನಿಟಿ ಎನ್ನುವ ವಿಮೆಯನ್ನು, ಉಳಿಸಿಕೊಂಡಿದ್ದೇನೆ. ನನ್ನಂತಹವರಿಗೆ ಇದು ಅಗತ್ಯ ಎಂಬುದು ನನ್ನ ಅಭಿಪ್ರಾಯ; ಆದರೆ ಇದನ್ನು ರೂಪಿಸಿದವರ ಮನಸ್ಸಿನಲ್ಲಿ ನಾವು ಇರಲಿಲ್ಲ.

ಹಣವನ್ನೇ ಪಡೆಯದವನಿಗೆ ಗ್ರಾಹಕ ಆಯೋಗದ ಭಯವೇಕೆ ಎಂದು ಹಲವು ಸಹೋದ್ಯೋಗಿಗಳು ಕೇಳುತ್ತಾರೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಲ್ಲರಿಗೂ ಉಚಿತವಾಗಿ ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ನೋಂದಣಿಗೆ ನಾಮಮಾತ್ರ ಶುಲ್ಕ ಪಡೆದರೂ ಅದು ಬದಲಾಗುವುದಿಲ್ಲ ಎಂದಿರುವುದು ನಿಜ. ಆದರೆ ಅದೇ ತೀರ್ಪಿನ ಪ್ರಕಾರ, ಶಕ್ತರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಆ ಬಡ ರೋಗಿಯೂ ಗ್ರಾಹಕನೇ. ನಮ್ಮ ಭಾಗದ ಎಷ್ಟೋ ಟ್ರಸ್ಟ್ ಆಸ್ಪತ್ರೆಗಳು ನಡೆಯುವುದೇ ಹೀಗೆ. ಆಯೋಗವನ್ನು ಬಿಟ್ಟರೂ ಸಿವಿಲ್ ದಾವೆಯ ಹಾಗೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರುವ ದಾರಿಗಳು ರೋಗಿಗೆ ತೆರೆದೇ ಇರುತ್ತವೆ, ಇರಲೂಬೇಕು.

ಅಮೆರಿಕದಲ್ಲಿ ಅರ್ಹ ಉಚಿತ ಚಿಕಿತ್ಸಾಲಯಗಳ ಸ್ವಯಂಸೇವಕ ವೈದ್ಯರ ಮೇಲಿನ ದಾವೆಯನ್ನು ಫೆಡರಲ್ ಸರ್ಕಾರವೇ ವಹಿಸಿಕೊಳ್ಳಲು 1996ರ ಕಾನೂನು ಅವಕಾಶ ಕಲ್ಪಿಸಿತು. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಪಾಡುವುದು ರಸ್ತೆ ಅಪಘಾತದಲ್ಲಿ ನೆರವಾದವರನ್ನು ಮಾತ್ರ. ಆದ್ದರಿಂದ ಪಾಲಿಸಿಯೇ ಗತಿ.

ಇದರ ಮುಖ್ಯ ಗುಣವೆಂದರೆ ಪರಿಹಾರದ ಮೊತ್ತದ ಜೊತೆಗೆ, ಮಿತಿಯೊಳಗೆ, ವಕೀಲರ ವೆಚ್ಚವನ್ನೂ ಭರಿಸುವುದು. ಪಿಂಚಣಿಯಲ್ಲಿ ಬದುಕುವವನಿಗೆ ಪ್ರಕರಣ ಗೆದ್ದರೂ ಆ ಖರ್ಚೇ ಭಾರವಾಗುತ್ತದೆ. ಆದರೆ ದೂರು ಬಂದ ದಿನ ಪಾಲಿಸಿ ಜಾರಿಯಲ್ಲಿರಬೇಕು, ಚಿಕಿತ್ಸೆ ನೀಡಿದ ದಿನ ಯಾವ ದಿನದಿಂದ ರಕ್ಷಣೆ ಆರಂಭವೆಂದು ಪಾಲಿಸಿಯಲ್ಲಿ ನಮೂದಾಗಿದೆಯೋ ಆ ದಿನಾಂಕದ (ರೆಟ್ರೋಆಕ್ಟಿವ್ ಡೇಟ್) ನಂತರದ್ದಾಗಿರಬೇಕು. ಹೀಗಾಗಿ ಒಂದು ವರ್ಷ ನವೀಕರಣ ತಪ್ಪಿದರೆ ಹಳೆಯ ವರ್ಷಗಳ ರಕ್ಷಣೆಯೂ ಕೈತಪ್ಪಬಹುದು. ಸೇವೆ ನಿಲ್ಲಿಸಿದ ಬಳಿಕ ಬರುವ ದೂರುಗಳಿಗೆ ರಕ್ಷಣೆ ಎಷ್ಟು ಕಾಲ ಎಂಬ ಪ್ರಶ್ನೆ ಎಪ್ಪತ್ತರ ಆಸುಪಾಸಿನ ವೈದ್ಯನಿಗೆ ಬಹಳ ದೊಡ್ಡದು; ನನ್ನ ಪಾಲಿಸಿಯಲ್ಲಿ ಇದಕ್ಕೆ ಸಮಾಧಾನಕರ ಉತ್ತರವಿಲ್ಲ.

ಪ್ರೀಮಿಯಂನಲ್ಲಿ ಗೌರವ ಸೇವೆಗೆಂದು, ಅಂದರೆ ಸಂಭಾವನೆಯಿಲ್ಲದ ಸೇವೆಗೆಂದು, ರಿಯಾಯಿತಿಯೂ ಇಲ್ಲ, ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ. ಸಂಪಾದಿಸುವವನಿಗೂ ಸಂಪಾದಿಸದವನಿಗೂ ಒಂದೇ ದರ ವಿಧಿಸುವುದು ನ್ಯಾಯವಲ್ಲ ಎಂದೇ ನಾನು ನಂಬಿದ್ದೇನೆ. ಕ್ರಿಮಿನಲ್ ದಂಡವನ್ನು ಪಾಲಿಸಿ ತುಂಬುವುದಿಲ್ಲ. ಅಲ್ಲಿ ನೆರವಾಗುವುದು 2005ರ ಜೇಕಬ್ ಮ್ಯಾಥ್ಯೂ ತೀರ್ಪು. ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯನನ್ನು ಅಪರಾಧಿಯಾಗಿಸುವಂತಿಲ್ಲ ಎಂದು ಅದು ಹೇಳುತ್ತದೆ.

ಕೊಳ್ಳುವವರು ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಚಾಲ್ತಿಯಲ್ಲಿಡಬೇಕು. ರೋಗಿ ದಖನಿಯಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಎಷ್ಟೇ ನೂಕುನುಗ್ಗಲಿರಲಿ, ಲಕ್ಷಣ ಮತ್ತು ಔಷಧಿಯನ್ನು ಬರೆದಿಡಬೇಕು. ವಕೀಲರು ಮೊದಲು ಕೇಳುವುದು ಆ ಚೀಟಿಯನ್ನೇ. ಚಿಕಿತ್ಸಾಲಯದ ಹೆಸರು ಮತ್ತು ಗೌರವ ಸೇವೆ ಎರಡೂ ರಕ್ಷಣೆಗೆ ಒಳಪಟ್ಟಿವೆಯೆಂದು ಕಂಪನಿಯಿಂದ ಲಿಖಿತವಾಗಿ ಪಡೆದ ನಂತರವೇ ಹಣ ಕಟ್ಟಬೇಕು. ಸಾಧ್ಯವಿದ್ದಲ್ಲಿ ಆ ಪ್ರೀಮಿಯಂ ಅನ್ನು ಟ್ರಸ್ಟ್ ಕಟ್ಟಲಿ.