ಕುಡಿತ ಬಿಡೋಕೆ ಮೂರು ಕಡೆ ಕೂತು ನೋಡಿದೆ, ಉಳಿದದ್ದು ತುಮಕೂರಿನ ಗುಂಪಲ್ಲಿ

ಮೊದಲೇ ಹೇಳಿಬಿಡ್ತೀನಿ, ನನ್ನ ಕೈಹಿಡಿದದ್ದು ತುಮಕೂರಿನ ಎ.ಎ. ಗುಂಪು, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿತ ಬಿಡಬೇಕೆನ್ನೋರು ಒಟ್ಟಿಗೆ ಕೂತು, ಗುಟ್ಟು ಹೊರಗೆ ಬಿಡದೆ, ಒಬ್ಬರಿಗೊಬ್ಬರು ಆಸರೆಯಾಗೋ ಗುಂಪು. ಎಂಟ್ಹತ್ತು ಜನ, ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಲೋಟದಲ್ಲಿ ಟೀ. ಇದಕ್ಕೂ ಮುಂಚೆ ಮನೆಯವಳ ಓಲೆ ಅಡವಿಟ್ಟು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ದುಡ್ಡು ಕಟ್ಟಿದ್ದೆ. ಒಳಗಿದ್ದ ಒಂದು ತಿಂಗಳು ಕುಡಿಯಲಿಲ್ಲ. ಆಚೆ ಬಂದ ಹನ್ನೊಂದನೇ ದಿನ ಕುಡಿದೆ. ಮನೆಗೆ ಹೋದ ಮೇಲೆ ಸಂಜೆ ಹೊತ್ತು ಯಾರ ಜೊತೆ ಕೂರಬೇಕು ಅಂತ ಅಲ್ಲಿ ಯಾರೂ ಹೇಳಿ ಕಳಿಸಿರಲಿಲ್ಲ.

ಗುಂಪು ಹುಡುಕೋದೇ ದೊಡ್ಡ ಕಷ್ಟ. ನೆಟ್‌ನಲ್ಲಿ ಸಿಕ್ಕ ಒಂದು ಪಟ್ಟಿಯಲ್ಲಿ ವಿಳಾಸ, ವಾರ, ಹೊತ್ತು ಎಲ್ಲ ಇತ್ತು. ನಾನು ಬಿ.ಹೆಚ್. ರಸ್ತೆಯ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೀನಿ. ಮಾಲೀಕರಿಗೆ ಸುಳ್ಳು ಹೇಳಿ ಬೇಗ ಹೊರಟು ಏಳಕ್ಕೆ ಸರಿಯಾಗಿ ಹೋದರೆ ಗೇಟಿಗೆ ಬೀಗ. ಬೀಗದ ಮೇಲೆ ಧೂಳು ಕೂತಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ವಿಚಾರಿಸೋಣ ಅಂದರೆ ಏನಂತ ಕೇಳಲಿ? ‘ಕುಡುಕರ ಮೀಟಿಂಗ್ ಎಲ್ಲಿ ನಡೀತದೆ’ ಅಂತಲಾ? ಬಾಯಿ ಬರಲಿಲ್ಲ.

ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದೆ. ಗುಬ್ಬಿ ಬಸ್ಸಿಗೆ ನಡೆದು ಹೋಗೋ ದಾರಿಯಲ್ಲಿ ಎರಡು ಬಾರ್. ಮೊದಲನೆಯದನ್ನು ದಾಟಿದೆ, ಎರಡನೆಯದರೊಳಗೆ ಹೋದೆ. ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡು ಬಂದವನಿಗೆ ಮುಚ್ಚಿದ ಬಾಗಿಲು ಎದುರಾದರೆ ಆ ಧೈರ್ಯ ಮತ್ತೆ ಹುಟ್ಟೋಕೆ ಇನ್ನೆಷ್ಟು ದಿನ ಬೇಕೋ. ನನಗೆ ಎರಡು ತಿಂಗಳು ಬೇಕಾಯಿತು.

ಆದ್ದರಿಂದ ವಿಳಾಸ ಒಂದನ್ನೇ ನಂಬಿ ಹೋಗಬೇಡಿ, ಹೋಗೋ ದಿನವೇ ಗುಂಪಿನವರಿಗೆ ಫೋನ್ ಮಾಡಿ. ‘ಬಸ್ ಸ್ಟ್ಯಾಂಡ್ ಹತ್ರ ಯಾರಾದ್ರೂ ಬರ್ತೀರಾ’ ಅಂತ ಸಂಕೋಚವಿಲ್ಲದೆ ಕೇಳಿ. ಎರಡನೇ ಸಲ ನಾನು ಹಾಗೆ ಕೇಳಿದಾಗ ಬಿಳಿ ಪಂಚೆಯ ಹಿರಿಯರೊಬ್ಬರು ಬಂದರು. ನನ್ನ ಹೆಸರು ಕೇಳಲಿಲ್ಲ. “ಏನಾದ್ರೂ ತಿಂದ್ಯೇನಪ್ಪಾ?” ಅಂದರು. ಗುಂಪು ಎರಡು ಬೀದಿ ಆಚೆಗೆ ಜಾಗ ಬದಲಿಸಿತ್ತು, ಅಷ್ಟೇ. ಎ.ಎ. ಶುರುವಾದದ್ದೂ ಫೋನ್‌ನಿಂದಲೇ ಅಂತ ಆಮೇಲೆ ಗೊತ್ತಾಯಿತು. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಬಿಲ್ ಎಂಬಾತನಿಗೆ ಕುಡಿಯೋ ಆಸೆ ತಡೆಯಲಾಗದೆ, ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಫೋನ್ ತಿರುಗಿಸುತ್ತಾ ಹೋದನಂತೆ. ಸಿಕ್ಕವರು ಡಾಕ್ಟರ್ ಬಾಬ್, ಅವರೂ ಕುಡಿತದಲ್ಲಿ ಮುಳುಗಿದ್ದವರೇ. ಆ ಇಬ್ಬರಿಂದಲೇ ಎ.ಎ. ಹುಟ್ಟಿತು.

ಎರಡನೆಯದು ಆನ್‌ಲೈನ್ ಮೀಟಿಂಗ್. ಬಸ್ ಚಾರ್ಜಿಲ್ಲ, ಯಾರ ಕಣ್ಣಿಗೂ ಬೀಳಲ್ಲ, ರಾತ್ರಿ ಹತ್ತಕ್ಕೂ ಸಿಗುತ್ತೆ. ನಮ್ಮದು ಎರಡು ಕೋಣೆ ಮನೆ, ಮಕ್ಕಳು ಓದ್ತಿರ್ತಾರೆ, ನಾನು ತಾರಸಿ ಮೇಲೆ ಹೋಗಿ ಪಿಸುಗುಟ್ಟಬೇಕು. ಅದನ್ನಾದರೂ ಸಹಿಸಬಹುದಿತ್ತು. ಒಂದು ರಾತ್ರಿ ಕ್ಯಾಮೆರಾ ಆಫ್ ಮಾಡಿ, ನೀರಿನ ಟ್ಯಾಂಕಿನ ಪಕ್ಕ ಕ್ವಾರ್ಟರ್ ಇಟ್ಟುಕೊಂಡೇ ಪೂರ್ತಿ ಮೀಟಿಂಗ್ ಕೇಳಿದೆ. ಯಾರಿಗೂ ಗೊತ್ತಾಗಲಿಲ್ಲ. ಎದುರುಬದುರು ಕೂತಿದ್ದರೆ ವಾಸನೆ ಹಿಡಿದು ಕೈ ಹಿಡ್ಕೊಳ್ಳೋರು. ಬಸ್ ಇಲ್ಲದ ಹಳ್ಳಿಯವರಿಗೆ, ಹೊರಗೆ ಹೋಗಲಾಗದ ಹೆಂಗಸರಿಗೆ ಇದೇ ಅನುಕೂಲ. ನನಗೆ ಆಗಲಿಲ್ಲ.

ಮೂರನೆಯದು ಧರ್ಮಸ್ಥಳದ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ. ನಮ್ಮ ಭಾವ ಅದರಿಂದಲೇ ಬಿಟ್ಟವರು, ಅವರ ಜೊತೆ ಎರಡು ಸಲ ಹೋಗಿದ್ದೆ. ಒಳ್ಳೇ ಜನ. ಆದರೆ ಸುತ್ತಲೂ ನಮ್ಮೂರಿನವರೇ ಇದ್ದಾಗ ನನಗೆ ಮನಸ್ಸು ಬಿಚ್ಚೋಕಾಗಲ್ಲ. ಭಾವನಿಗೆ ಊರಿನ ಆ ಕಣ್ಣುಗಳೇ ಕಾವಲು.

ಖರ್ಚಿನ ಮಾತು: ಎ.ಎ.ಯಲ್ಲಿ ಫೀಸಿಲ್ಲ, ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಕೊನೆಗೆ ಒಂದು ಚೀಲ ಸುತ್ತಿಸ್ತಾರೆ, ನಾನು ಹತ್ತು ರೂಪಾಯಿ ಹಾಕ್ತೀನಿ. ಮನೆಯವರೂ ಬರಬಹುದಾದ ಓಪನ್ ಮೀಟಿಂಗ್ ದಿನ ನನ್ನವಳೂ ಬರ್ತಾಳೆ. ಶಕ್ತಿ ಯೋಜನೆ ಇರೋದರಿಂದ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡು ನನ್ನೊಬ್ಬನದೇ.

ದಿನಾ ಕುಡಿಯೋರು ದಯವಿಟ್ಟು ಏಕಾಏಕಿ ನಿಲ್ಲಿಸಬೇಡಿ. ಕೈ ನಡುಗಿ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಗುಂಪಿನಲ್ಲಿ ಔಷಧಿ ಕೊಡಲ್ಲ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಉಚಿತ.

ಹೋದ ತಿಂಗಳು ಜ್ವರ ಬಂದು ಒಂದು ಮಂಗಳವಾರ ತಪ್ಪಿಸಿದೆ. ಎಂಟೂವರೆಗೆ ಪಂಚೆಯ ಹಿರಿಯರ ಫೋನ್ ಬಂತು. “ಕುರ್ಚಿ ಖಾಲಿ ಇತ್ತಪ್ಪಾ, ಹುಷಾರಾಗಿದೀಯಾ?” ಖಾಸಗಿ ಕೇಂದ್ರದಿಂದಾಗಲಿ ತಾರಸಿ ಮೇಲಿನ ಮೊಬೈಲಿನಿಂದಾಗಲಿ ನನಗೆ ಅಂಥ ಕರೆ ಬಂದಿರಲಿಲ್ಲ. ಗುಂಪಿನ ಜಾಗ ಇಲ್ಲಿ ಬರೆಯಲ್ಲ, ಬರೋರ ಗುಟ್ಟು ಕಾಯಬೇಕು. ಗುಬ್ಬಿ ಕಡೆಯವರು ಯಾರಾದರೂ ಬರೋದಾದರೆ ಮೀಟಿಂಗ್ ಮುಗಿಸಿ ಬಸ್ ಸ್ಟ್ಯಾಂಡ್‌ವರೆಗೂ ಜೊತೆಗೇ ನಡೆಯೋಣ. ಆ ಎರಡು ಬಾರ್ ಇನ್ನೂ ಅಲ್ಲೇ ಇವೆ.