ಗೋಕರ್ಣಕ್ಕ ಹೊಂಟೀರೇನು? ‘ಸೀ ವ್ಯೂ’ ಅಂದವಗ ಅಡ್ವಾನ್ಸ್ ಹಾಕೋ ಮೊದಲು ಇದನ್ನ ಓದ್ರಿ

ಹುಬ್ಬಳ್ಳಿ-ಧಾರವಾಡ, ಗದಗ ಕಡೆಯಿಂದ ಶನಿವಾರ-ರವಿವಾರ ಗೋಕರ್ಣಕ್ಕ ಹೋಗೋ ಪ್ಲ್ಯಾನ್ ಇದ್ದೋರು ಇದನ್ನ ಪೂರಾ ಓದ್ರಿ. ಇನ್‌ಸ್ಟಾಗ್ರಾಮ್‌ನಾಗ ರೀಲ್ ನೋಡಿ, ವಾಟ್ಸಾಪ್‌ನಾಗ ಮಾತಾಡಿ, ಫೋನ್‌ಪೇದಾಗ ಅರ್ಧ ರೊಕ್ಕ ಹಾಕಿ ರೂಮ್ ಹಿಡಿಯೋದು ಈಗ ಎಲ್ಲಾರೂ ಮಾಡ್ತಾರ. ನಾವೂ ಹಂಗ ಮಾಡಿದ್ವಿ. 6,000 ರೂಪಾಯಿ ಹೋತು. ರೊಕ್ಕ ಹೋಗಿದ್ದು ಒಂದ್ ಕಡೆ ಇರ್ಲಿ, ಆ ರೀಲ್ ಹಾಕಿದ ಮನುಷ್ಯಾ ಮಾತಾಡಿದ್ದು ನೆನಸಿಕೊಂಡ್ರ ಇನ್ನೂ ಹೊಟ್ಟಿ ಉರಿತೈತಿ.

ನಮಗ ಬೇಕಾಗಿದ್ದರ ಏನು? ಸಂಕ್ರಾಂತಿ ಮುಗದ ಮ್ಯಾಲ ಸಮುದ್ರದ ದಂಡಿಗೆ ಆರಾಮ ಕುಂದ್ರೋದು, ಹುಡುಗರು ಉಸುಕಿನ್ಯಾಗ ಆಡೋದು, ಅತ್ತಿಯವರಿಗೆ ಮಹಾಬಲೇಶ್ವರನ ದರ್ಶನ. ಬ್ಯಾರೆ ಏನಿಲ್ಲ. ಗದಗಿನಿಂದ ನಾದಿನಿ, ಆಕಿ ಗಂಡ, ಮಕ್ಕಳೂ ಬರೋರಿದ್ರು. ಅತ್ತಿಯವರಿಗೆ ಮೊಣಕಾಲು ಬ್ಯಾನಿ. ಇದನ್ನ ನಾನು ಮೊದಲನೇ ಮೆಸೇಜಿನ್ಯಾಗ ಬರದಿದ್ದೆ. ಮೊದಲನೇ ಮೆಸೇಜಿನ್ಯಾಗ! “ಯೋಚನೆ ಬೇಡ ಮೇಡಂ, ಕಾರು ಬಾಗಿಲ ತನಕ ಬರುತ್ತೆ, ಬಾಗಿಲು ತೆಗೆದ್ರೆ ಸಮುದ್ರ” ಅಂದ. ಮುಂದ ಮಾಮೂಲಿ ರಾಗ ಇರ್ತೈತಲ್ಲ, ಎರಡೇ ರೂಮ್ ಉಳಿದಿದೆ, ಬೆಂಗಳೂರು ಪಾರ್ಟಿ ಕೇಳ್ತಿದ್ದಾರೆ, ಬ್ಲಾಕ್ ಮಾಡ್ಲಾ ಮೇಡಂ, ಅಂತ. ಒಟ್ಟು 12,000, ಅರ್ಧ ಅಡ್ವಾನ್ಸ್. ಫೋನ್‌ಪೇದಾಗ ಬಂದ ಹೆಸರು ಕಾಟೇಜಿಂದಲ್ಲ, ಯಾರೋ ಒಬ್ಬ ಮನುಷ್ಯಾಂದು. ಕೇಳಿದ್ದಕ್ಕ “ಅಕೌಂಟ್ ಸೆಕ್ಷನ್ ಹುಡುಗ” ಅಂದ.

ಬೀಚ್ ಎಷ್ಟು ದೂರ ಅಂತ ಕೇಳಿದೆ. “5 ನಿಮಿಷ ಮೇಡಂ.” ನಡಕೊಂಡು ಹೋದ್ರ 5 ನಿಮಿಷಾನೋ ಅಂತ ಮತ್ತ ಕೇಳಿದೆ. ಅದಕ್ಕ ಬರೇ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಈ ಹೆಬ್ಬೆರಳು ನೆನಪಿಟ್ಕೋರಿ.

ಲೊಕೇಶನ್ ಕಳಸ್ರಿ ಅಂದ್ರ “ಬರೋ ದಿನ ಕಳಿಸ್ತೀನಿ”. ಅವತ್ತು ಬುತ್ತಿ ಕಟ್ಕೊಂಡು ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳದು ಅಂಕೋಲಾ ಮುಟ್ಟಿದ್ರೂ ಲೊಕೇಶನ್ ಇಲ್ಲ. ಫೋನ್ ಮ್ಯಾಲ ಫೋನ್ ಮಾಡಿದ ಮ್ಯಾಲ ಕಳಿಸಿದ. ಮಾದನಗೇರಿ ಕ್ರಾಸಿನ್ಯಾಗ ಹೈವೇ ಬಿಟ್ಟು ಗೋಕರ್ಣದ ರಸ್ತೆ ಹಿಡದ್ವಿ. ಗೋಕರ್ಣ ಇನ್ನೂ ಮುಂದ ಐತಿ ಅನ್ನೋವಾಗ ಮ್ಯಾಪಿನ ಬಾಯಿ “ನೀವು ತಲುಪಿದ್ದೀರಿ” ಅಂತು.

ಎಲ್ಲಿ ತಲುಪಿದ್ವಿ? ಗಿಲಾಯಿ ಮಾಡದ ಒಂದು ಮನಿ, ಮ್ಯಾಲ ತಗಡು. ಒಳಗ ಮಂಚ, ಅದರ ಮ್ಯಾಲ ರೀಲಿನ್ಯಾಗ ತೋರಿಸಿದ್ದ ಅದ ನೀಲಿ ಚಾದರ. ಅಷ್ಟು ಮಾತ್ರ ಖರೆ. ಕಿಟಕಿ ತಗದ್ರ ಸಾಣಿಕಟ್ಟಾದ ಉಪ್ಪಿನ ಆಗರ. ಚೌಕ ಚೌಕ ಮಡಿ, ನಡುವ ಒಡ್ಡು, ನಿಂತ ನೀರು, ಒಂದೆರಡು ಕೊಕ್ಕರೆ. ನಾದಿನಿ ಕಿಟಕಿ ಹತ್ರ ಬಾಳ ಹೊತ್ತು ನಿಂತಳು. ಆಮ್ಯಾಲ ಮೆಲ್ಲಕ, “ವೈನಿ, ಸಮುದ್ರ ಎಲ್ಲೈತಿ?” ಅಂದ್ಲು. ನನ್ನ ಮುಖ ಎಲ್ಲಿಡ್ಲಿ ಅನ್ನೋ ಹಂಗಾತು. ಅತ್ತಿಯವರು ಇನ್ನೂ ಕಾರಿನ್ಯಾಗ ಕುಂತಿದ್ರು.

ಫೋನ್ ಮಾಡಿದೆ. ಅವ ಹೇಳಿದ್ದು ಹೇಳಿದ ಹಂಗ ಬರೀತೀನಿ: “ಮೇಡಂ, ಸೀ ವ್ಯೂ ಅಂದ್ರೆ ನೀರು ಕಾಣಬೇಕು ತಾನೆ? ಕಾಣ್ತಿದೆಯಲ್ಲ. ಅದೂ ಸಮುದ್ರದ ನೀರೇ.”

ಹೌದ್ರಿ, ಲೆಕ್ಕಕ್ಕ ಖರೇನ. ಭರತಿ ಬಂದಾಗ ಅಘನಾಶಿನಿ ಹೊಳಿ ಅಳಿವಿ ಕಡೆಯಿಂದ ಒಳಗ ಬರೋ ಉಪ್ಪುನೀರ ಅದು. ಆಗರ ನೋಡಾಕ ಚಂದನ ಐತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಅದನ್ನ ರಸ್ತೆ ಬಾಜೂಕ ಗಾಡಿ ನಿಲ್ಲಿಸಿ ಪುಕ್ಕಟ ನೋಡಬಹುದು, 12,000 ಯಾಕ ಕೊಡಬೇಕು? ಇಷ್ಟು ಸಲೀಸಾಗಿ ಕಿವಿ ಮ್ಯಾಲ ಹೂ ಇಡತಾನಲ್ಲ ಇವ!

ನಡಕೊಂಡು 5 ನಿಮಿಷ ಅಂದಿದ್ರೆಲ್ಲ ಅಂದೆ. “ನಡೆದು ಅಂತ ನಾನೆಲ್ಲಿ ಹೇಳ್ದೆ ಮೇಡಂ? ಥಂಬ್ಸ್ ಅಪ್ ಹಾಕಿದ್ದು ನಿಮ್ಮ ಮೆಸೇಜ್ ನೋಡಿದೆ ಅಂತ.” ಬಂತಲ್ಲ ಹೆಬ್ಬೆರಳು! ಗಾಡಿಯಾಗರ 5 ನಿಮಿಷ ಆಗ್ತೈತೇನು ಅಂದ್ರ, “ನಿಮ್ಮವರು ನಿಧಾನ ಓಡಿಸ್ತಾರೇನೋ.” ನಮ್ಮನಿಯವ್ರು ಪಕ್ಕದಾಗ ನಿಂತು ಸ್ಪೀಕರಿನ್ಯಾಗ ಎಲ್ಲಾ ಕೇಳಾಕತ್ತಿದ್ರು. ಹಲ್ಲು ಕಡದ್ರು, ಮಾತಾಡಲಿಲ್ಲ.

ಅಲ್ಲಿ ಕೀಲಿ ಹಿಡಕೊಂಡು ನಿಂತಿದ್ದ ಮುದುಕಪ್ಪ ಪಾಪ, “ನಂಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ, ಬಾಕಿ ದುಡ್ಡು ಬಂದ್ಮೇಲೆ ಎರಡನೇ ರೂಮ್ ತೆಗಿ ಅಂದಾರೆ” ಅಂದ. ಅವನ ಮ್ಯಾಲ ಸಿಟ್ಟಿಲ್ಲ.

ಅಡ್ವಾನ್ಸ್ ವಾಪಸ್ ಕೊಡ್ರಿ ಅಂದೆ. ಕೊಡೋದಿಲ್ಲಂತ. “ಮುಂದಿನ ಸಲ ಅಡ್ಜಸ್ಟ್ ಮಾಡ್ತೀನಿ, ಜೂನ್-ಜುಲೈನಲ್ಲಿ ಬನ್ನಿ.” ಜೂನ್-ಜುಲೈ! ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಮೀನು ಹಿಡಿಯಾಕ ಹೋಗಬಾರದು ಅಂತ ಸರ್ಕಾರನ ನಿಷೇಧ ಹಾಕ್ತೈತಿ, ಮೀನು ಮರಿ ಮಾಡೋ ಕಾಲ ಅದು, ಕಡಲೂ ಅಬ್ಬರ ಇರ್ತೈತಿ. ಆವಾಗ ಅತ್ತಿಯವರನ್ನ ಕರಕೊಂಡು ಬೀಚಿಗೆ ಹೋಗಬೇಕಂತ. ರಿವ್ಯೂ ಹಾಕ್ತೀನಿ ಅಂದಿದ್ದಕ್ಕ “ಹಾಕಿ ಮೇಡಂ, ನಿಮ್ಮ ಹೆಸರೂ ಬರುತ್ತೆ” ಅಂದ. ಇದು ಹೆದರಿಸೋದೋ ಏನೋ ನನಗ ಇನ್ನೂ ತಿಳಿದಿಲ್ಲ. ಸಂಜಿಗೆ ಅವನ ಡಿಪಿ ಮಾಯ. ಬ್ಲಾಕ್ ಮಾಡಿದ್ದ.

ಶನಿವಾರ ಗೋಕರ್ಣದಾಗ ರೂಮ್ ಹುಡುಕೋದು ಅಂದ್ರ ಏನಂತ ಹೋದವರಿಗೆ ಗೊತ್ತು. ಕಡೀಕ ಕೋಟಿತೀರ್ಥದ ಹತ್ರ ಒಬ್ಬ ಅಮ್ಮ ಮನಿಯೊಳಗ ರೂಮ್ ಕೊಟ್ರು, ಒಂದಕ್ಕ 1,200. ಅಡ್ವಾನ್ಸ್ ಕೇಳಲಿಲ್ಲ, ಮೊದಲು “ಆಸರಿಗೆ ಎಂತ ಬೇಕು?” ಅಂತ, ಅಂದ್ರ ಕುಡಿಯಾಕ ಏನು ಬೇಕು ಅಂತ ಕೇಳಿದ್ರು. ಅತ್ತಿಯವರು ಗುಡಿಯಿಂದ ನಡಕೊಂಡ ಮೇನ್ ಬೀಚಿಗೆ ಹೋಗಿ ಕುಂತ್ರು, ಅವರಿಗೆ ಅಷ್ಟ ಸಾಕಾತು.

ಮರುದಿನ ಕುಡ್ಲೆ ಬೀಚಿಗೆ ಇಳದಾಗ ರೀಲಿನ್ಯಾಗಿನ ಕಾಟೇಜ್ ಕಣ್ಣಿಗೆ ಬಿತ್ತು. ಅದ ಜಗಲಿ, ಅದ ಬೆತ್ತದ ಕುರ್ಚಿ. ಹೆಸರು ಬ್ಯಾರೆ, ಮಾಲೀಕ ಬ್ಯಾರೆ. ಫೋನ್ ತೋರಿಸಿದ್ರ ಅವರು ಆಶ್ಚರ್ಯನೂ ಪಡಲಿಲ್ಲ. “ಈ ಫೋಟೋ ಹಿಡ್ಕೊಂಡು ಎಷ್ಟು ಜನ ಬಂದ್ರು ಮಾರಾಯ್ರೆ” ಅಂದ್ರು. ಅವರ ಹೇಳಿದ್ದು ಇನ್ನೊಂದು: ಕುಡ್ಲೆ, ಓಂ ಬೀಚಿಗೆ ಗಾಡಿ ಮ್ಯಾಲ ನಿಲ್ಲಿಸಿ ಕೆಳಗ ಇಳೀಬೇಕು, ಹಾಫ್ ಮೂನ್, ಪ್ಯಾರಡೈಸಿಗೆ ಗುಡ್ಡ ಹತ್ತಿಳದು ಹೋಗಬೇಕು, ಇಲ್ಲಾ ದೋಣಿ. ಅಂದಮ್ಯಾಲ “ಕಾರು ಬಾಗಿಲ ತನಕ, ಬಾಗಿಲು ತೆಗೆದ್ರೆ ಕುಡ್ಲೆ” ಅಂತ ಯಾವನರ ಅಂದ್ರ ಅಲ್ಲೇ ಫೋನ್ ಇಡ್ರಿ.

ಬೀಚಿನ ಹೆಸರು ಹೇಳಿಸ್ರಿ. ಲೊಕೇಶನ್ ಮೊದಲು, ರೊಕ್ಕ ಆಮ್ಯಾಲ. ವಿಡಿಯೋ ಕಾಲ್ ಮಾಡಿ ಕಿಟಕಿ ತಗದು ತೋರಿಸು ಅನ್ರಿ, ನೆಟ್‌ವರ್ಕ್ ಇಲ್ಲ ಅಂದ್ರ ಬಿಟ್ಟುಬಿಡ್ರಿ. ಹೆಬ್ಬೆರಳು ನಂಬಬ್ಯಾಡ್ರಿ, ಬಾಯಿಬಿಟ್ಟು ‘ಹೌದು’ ಅಂತ ಬರಸ್ಕೋರಿ. ರೊಕ್ಕ ಹಾಕಿಸ್ಕೊಂಡು ಪೂರಾ ಮಾಯ ಆದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ. ನಮ್ಮ ಹಂಗ ಹೇಳಿದ್ದೊಂದು ಕೊಟ್ಟಿದ್ದೊಂದು ಆದ್ರ ಗ್ರಾಹಕರ ಸಹಾಯವಾಣಿ 1915. ನಾನು ಅಲ್ಲಿ ದೂರು ಕೊಟ್ಟೀನಿ, ನೋಡೂಣು.

ನಾದಿನಿ ಗಂಡ ಗದಗಿನ್ಯಾಗ ಎಲ್ಲಾರ ಮುಂದ ಹೇಳಿ ಬಿಟ್ಟಾನ. ಮೊನ್ನೆ ಒಂದು ಮದುವಿ ಊಟದಾಗ, ನನ್ನ ಎಲಿ ಮುಂದ ನೀರಿನ ಲೋಟ ಇಟ್ಟು “ಅಕ್ಕಾರ, ಸೀ ವ್ಯೂ ಕಾಣ್ತೈತೇನ್ರಿ?” ಅಂದ. ನಕ್ಕೆ, ಮತ್ತೇನು ಮಾಡ್ಲಿ.

ಆ ರೀಲ್ ಇನ್ನೂ ಓಡಾಕತ್ತೈತಿ. ಈಗ ‘ಶಿವರಾತ್ರಿ ಆಫರ್’ ಅಂತ ಹೊಸದಾಗಿ ಹಾಕ್ಯಾನ. ಶಿವರಾತ್ರಿಗೆ ಗೋಕರ್ಣದಾಗ ಕಾಲಿಡಾಕ ಜಾಗ ಇರೋದಿಲ್ಲ, ಅವಸರದಾಗ ಮಂದಿ ಹಾಕೇ ಹಾಕ್ತಾರ. ನೀಲಿ ಚಾದರ, ಬೆತ್ತದ ಕುರ್ಚಿ ಕಂಡ್ರ ಅವನ ಅಂತ ತಿಳ್ಕೋರಿ. ಈಗಾಗಲೇ ಹಾಕಿದವರು ಇದ್ರ ಚಾಟ್ ಅಳಿಸಬ್ಯಾಡ್ರಿ, ಸ್ಕ್ರೀನ್‌ಶಾಟ್ ತಗದು ನನಗ ಮೆಸೇಜ್ ಮಾಡ್ರಿ, ನಾಲ್ಕು ಮಂದಿ ಕೂಡಿದ್ರ ದೂರಿಗೆ ತೂಕ ಬರ್ತೈತಿ.